ಬೇಸರ ಮತ್ತು ಬೇಜಾರು: ಒಂದು ಪದವಿಚಾರ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದು ಅಧ್ಯಾಪಕ ಬಂಧುಗಳಿಗೆಲ್ಲ ತಿಳಿದ ಸಂಗತಿ. ವರ್ಗಾವಣೆಯ ನೆಪದಲ್ಲಿ ಈ ನಾಲ್ಕೂ ಕಡೆ ಕನ್ನಡ ಬೋಧಿಸಿದ ನನ್ನಂಥವನಿಗೆ ಪಠ್ಯಪುಸ್ತಕದ ಕನ್ನಡಕ್ಕಿಂತ ಮಕ್ಕಳ ಬಾಯಿಯ ಕನ್ನಡವೇ ಹೆಚ್ಚು ಪಾಠ ಕಲಿಸಿದೆ. ಅಂಥ ಒಂದೇ ಒಂದು ಮಾತನ್ನು ಆರಿಸಿಕೊಂಡು, ಅದರ ಹುಟ್ಟು, ನೆಂಟಸ್ತನ ಹಾಗೂ ಬಳಕೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಆ ಮಾತು ‘ಬೇಜಾರು’. ತೀರ ಸಾಮಾನ್ಯವಾದ ಈ ಮಾತಿಗೆ ಇಷ್ಟು ಪುಟಗಳೇ ಎಂದು ವಾಚಕರು ಹುಬ್ಬೇರಿಸಬಹುದು. ಅದನ್ನು ಸರಿಯಾಗಿ ತಿಳಿಯದೆ ನಾನೊಮ್ಮೆ ಮಾಡಿದ ತಪ್ಪೇ ಈ ವಿಚಾರಕ್ಕೆ ಮೂಲವಾದುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ನಾನಾಗ ಒಂದು ಪ್ರೌಢಶಾಲೆಯಲ್ಲಿದ್ದೆ. ದಸರೆಯ ರಜೆ ಮುಗಿದು ತರಗತಿಗಳು ಆರಂಭವಾಗಿದ್ದವು. ಪಾವಗಡದ ಕಡೆಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿ ಉಳಿದಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪುಸ್ತಕ ತೆರೆದಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. “ಯಾಕಯ್ಯಾ, ಬರೆಯುತ್ತಿಲ್ಲ?” ಎಂದೆ. ಅವನು ಎದ್ದು ನಿಂತು, “ಬೇಜಾರು ಸಾರ್” ಎಂದ. ನನ್ನ ಪಾಠ ಅವನಿಗೆ ಬೇಸರ ತರಿಸಿತೆಂದು ನಾನು ಅರ್ಥ ಮಾಡಿಕೊಂಡೆ. ಆ ಸಿಟ್ಟಿನಲ್ಲಿ ಸೋಮಾರಿತನವನ್ನು ಕುರಿತು ಒಂದು ಸಣ್ಣ ಭಾಷಣ ಬಿಗಿದು, “ಪಾಠವನ್ನು ಮೂರು ಸಾರಿ ಬರೆದುಕೊಂಡು ಬಾ, ನಿನ್ನ ಬೇಜಾರು ಕಳೆಯಲಿ” ಎಂದೆ. ತರಗತಿ ನಕ್ಕಿತು. ಮರುದಿನ ಅವನು ಮೂರು ಸಾರಿಯೂ ದುಂಡಾದ ಅಕ್ಷರದಲ್ಲಿ ಬರೆದು ತಂದೊಪ್ಪಿಸಿದ.

ವಾರ ಕಳೆದ ಮೇಲೆ ನಿಲಯಪಾಲಕರಿಂದ ವಿಷಯ ತಿಳಿಯಿತು. ಆ ವರ್ಷ ಕಡಲೆಕಾಯಿ ಬೆಳೆ ಕೈಕೊಟ್ಟಿತ್ತು. ಹುಡುಗ ರಜೆಗೆಂದು ಊರಿಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ತಂದೆತಾಯಿಯರು ಕಟ್ಟಡದ ಕೂಲಿಗೆ ಬೆಂಗಳೂರಿಗೆ ಹೋಗಿದ್ದರು. ಹೇಳಿಕಳುಹಿಸಿದ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ರಜೆಯನ್ನೆಲ್ಲ ಅವನು ನೆರೆಮನೆಯವರ ಜಗಲಿಯಲ್ಲಿ ಕಳೆದು ಬಂದಿದ್ದ. ಆಮೇಲೆ ನಾನು ಅವನನ್ನು ಕರೆಸಿ ಮಾತಾಡಿಸಿದೆ. ಆದರೆ ಅವನು ಆ ಮಾತನ್ನು ನನ್ನೆದುರು ಮತ್ತೆಂದೂ ಆಡಲಿಲ್ಲ. ಏನು ಕೇಳಿದರೂ “ಏನಿಲ್ಲ ಸಾರ್” ಎಂಬುದೊಂದೇ ಉತ್ತರ.

ಅವನು ಸರಿಯಾದ ಕನ್ನಡವನ್ನೇ ಆಡಿದ್ದ. ಕೇಳಿದ ಕನ್ನಡ ಪಂಡಿತನಿಗೆ ಅದು ತಿಳಿಯಲಿಲ್ಲ. ಅಂದಿನಿಂದ ಈ ಶಬ್ದ ಎಲ್ಲಿ ಕಿವಿಗೆ ಬಿದ್ದರೂ ನಿಂತು ಕೇಳುವುದು ನನಗೆ ಅಭ್ಯಾಸವಾಯಿತು.

ಮೊದಲು ಹುಟ್ಟಿನ ವಿಚಾರ. ‘ಬೇಸರ’ ಎಂಬುದು ಶುದ್ಧರೂಪ, ‘ಬೇಜಾರು’ ಅದರ ಹಳ್ಳಿಯ ಅಪಭ್ರಂಶ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಾನೂ ಹಾಗೆಂದೇ ಹೇಳಿಕೊಟ್ಟು, ಮಕ್ಕಳ ಪ್ರಬಂಧಗಳಲ್ಲಿ ‘ಬೇಜಾರು’ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಬೇಸರ’ ಎಂದು ತಿದ್ದಿದ್ದೇನೆ. ಇದಕ್ಕೆ ವಿರುದ್ಧವಾಗಿ, ಬೇನಾಮಿ, ಬೇಜವಾಬ್ದಾರಿ, ಬೇವಾರಸು ಮುಂತಾದ ಶಬ್ದಗಳ ಮೊದಲಲ್ಲಿರುವ ಪಾರಸಿಯ ‘ಬೇ’ ಕಾರವನ್ನು ತೋರಿಸಿ, ‘ಬೇಸರ’ವೂ ಅಲ್ಲಿಂದಲೇ ಬಂದದ್ದೆಂದು ವಾದಿಸುವವರನ್ನೂ ಕಂಡಿದ್ದೇನೆ. ಎರಡು ಪಕ್ಷಗಳೂ ತಪ್ಪು. ಇವು ಬೇರೆ ಬೇರೆ ಕುಲದ ಎರಡು ಶಬ್ದಗಳು. ಧ್ವನಿಯಲ್ಲೂ ಅರ್ಥದಲ್ಲೂ ಹೋಲಿಕೆ ಇದ್ದುದರಿಂದ ಒಂದೇ ಮನೆಯವರಂತೆ ಬಾಳುತ್ತಿವೆ.

ಬೇಸರ ನಮ್ಮದೇ ನೆಲದ ಶಬ್ದ. ಇದಕ್ಕೆ ದೊಡ್ಡ ಪಾಂಡಿತ್ಯದ ಸಾಕ್ಷಿ ಬೇಕಿಲ್ಲ; ‘ಬೇಸತ್ತು’ ಎಂಬ ಒಂದು ರೂಪವೇ ಸಾಕು. ಹೆರು ಎಂಬುದು ಹೆತ್ತು ಎಂದೂ, ತೆರು ಎಂಬುದು ತೆತ್ತು ಎಂದೂ ಆಗುವಂತೆ ಬೇಸರು ಎಂಬ ಧಾತು ಬೇಸತ್ತು ಎಂದಾಗುತ್ತದೆ. ಹಳಗನ್ನಡದಲ್ಲಿ ಈ ಧಾತುಗಳ ಕೊನೆಯಲ್ಲಿದ್ದುದು ಈಗ ಬಳಕೆ ತಪ್ಪಿರುವ ಶಕಟರೇಫ, ಅಂದರೆ ‘ಱ’ಕಾರ. ಹೊರಗಿನಿಂದ ಬಂದ ಶಬ್ದಕ್ಕೆ ಈ ಬಗೆಯ ಭೂತಕಾಲದ ರೂಪ ಬರಲಾರದು. ಇನ್ನೊಂದು ಸಾಕ್ಷಿ ನೆರೆಯ ಭಾಷೆಗಳದು. ನಮ್ಮ ಬೇವು ತೆಲುಗಿನಲ್ಲಿ ವೇಪ. ನಮ್ಮ ಬೇಸಗೆ ಅಲ್ಲಿ ವೇಸವಿ. ನಮ್ಮ ಬೇರು ತಮಿಳಿನಲ್ಲೂ ತೆಲುಗಿನಲ್ಲೂ ವಕಾರದಿಂದಲೇ ಮೊದಲಾಗುತ್ತದೆ. ಇದೇ ನಿಯಮಕ್ಕೆ ಸರಿಯಾಗಿ ನಮ್ಮ ಬೇಸರು ತೆಲುಗಿನಲ್ಲಿ ವೇಸರು, ವೇಸಾರು. ಪಾವಗಡದಲ್ಲಿ ತೆಲುಗು ಮನೆಮಾತಿನವರು ‘ವಿಸಿಗಿ ವೇಸಾರಿ’ ಎಂದು ಜೋಡಿಸಿ ಆಡುವುದನ್ನು ಅಲ್ಲಿ ಕೆಲಸ ಮಾಡಿದವರು ಕೇಳಿಯೇ ಇರುತ್ತಾರೆ.

ಬೇಜಾರಿನ ಕಥೆ ಬೇರೆ. ಅದು ಪಾರಸಿಯ ‘ಬೇಜ಼ಾರ್’. ಸಾಕಾದವನು, ರೋಸಿಹೋದವನು ಎಂದು ಅದರ ಅರ್ಥ. ಉರ್ದುವಿನಲ್ಲೂ ಮರಾಠಿಯಲ್ಲೂ ಅದು ಇಂದಿಗೂ ಬಳಕೆಯಲ್ಲಿದೆ. ಆ ಭಾಷೆಗಳ ‘ಜ಼’ ಎಂಬ ಘರ್ಷಧ್ವನಿ ಕನ್ನಡಕ್ಕೆ ಬರುವಾಗ ಸಾಮಾನ್ಯವಾಗಿ ನಮ್ಮ ಜಕಾರವಾಗುತ್ತದೆ. ಕೊನೆಯ ವ್ಯಂಜನಕ್ಕೆ ಒಂದು ಉಕಾರ ಅಂಟುತ್ತದೆ. ಬಾಜ಼ಾರ್ ಬಜಾರು ಆದದ್ದು, ಜ಼ಮೀನ್ ಜಮೀನು ಆದದ್ದು, ಹಾಜ಼ಿರ್ ಹಾಜರು ಆದದ್ದು ಹೀಗೆಯೇ. ಆದುದರಿಂದ ಬೇಜ಼ಾರ್ ಎಂಬುದು ಬೇಜಾರು ಆಯಿತೇ ಹೊರತು ಬೇಸರವಾಗಲಿಲ್ಲ. ಬೇಸರ ಕೆಟ್ಟು ಬೇಜಾರೂ ಆಗಲಿಲ್ಲ.

ಈ ಶಬ್ದ ನಮ್ಮ ಸೀಮೆಯಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. 17ನೆಯ ಶತಮಾನದಲ್ಲಿ ಶಿರಾ ಬಿಜಾಪುರದ ಆದಿಲಶಾಹಿಗಳ ಅಧೀನಕ್ಕೆ ಬಂದಿತು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ, 1687ರಲ್ಲಿ ಔರಂಗಜೇಬನ ಮೊಗಲರು ಇದನ್ನೇ ಒಂದು ಸುಭಾದ ಮುಖ್ಯಪಟ್ಟಣವನ್ನಾಗಿ ಮಾಡಿದರು. ಅವರ ಕೊನೆಯ ಕಾಲದ ಅಧಿಕಾರಿ ದಿಲಾವರ ಖಾನನ ಹೆಸರು ಇಂದಿಗೂ ಊರಿನವರ ನಾಲಗೆಯ ಮೇಲಿದೆ. ಪೆನುಕೊಂಡೆಯಿಂದ ಕೋಲಾರದವರೆಗೆ ಲೆಕ್ಕಪತ್ರ ಒಪ್ಪಿಸಬೇಕಾದವರೆಲ್ಲ ಶಿರಾದ ಕಡೆ ಮುಖಮಾಡಿದ್ದ ಕಾಲವದು. ಅರ್ಜಿ, ವಸೂಲಿ, ಬಾಕಿ, ತಕರಾರು, ರಸೀದಿ ಎಂಬ ಕಚೇರಿಯ ಶಬ್ದಗಳು ಇಂಥ ಆಳ್ವಿಕೆಗಳ ಕಾಲದಲ್ಲಿಯೇ ರೈತನ ಮನೆ ಹೊಕ್ಕವು. ಬೇಜಾರು ಶಿರಾದ ಕೋಟೆಬಾಗಿಲಿನಿಂದಲೇ ಕನ್ನಡಕ್ಕೆ ಬಂತೆಂದು ನಾನು ವಾದಿಸುವುದಿಲ್ಲ. ಅದು ಕನ್ನಡನಾಡಿನ ಉದ್ದಗಲಕ್ಕೂ ಇರುವ ಶಬ್ದ. ಆದರೂ ಒಂದು ಮಾತು ಹೇಳದೆ ಇರಲಾರೆ: ಕಚೇರಿಯ ಶಬ್ದಗಳು ಕಚೇರಿಯ ಕೆಲಸಕ್ಕೇ ನಿಂತವು, ಬೇಜಾರು ಮಾತ್ರ ಅಡುಗೆಮನೆಯವರೆಗೆ ನಡೆದು ಬಂದಿತು. ಹಳ್ಳಿಯ ಮುದುಕಿ ಬೇಡವನ್ನು ಬ್ಯಾಡ ಎಂದಂತೆ ಬೇಸರವನ್ನು ಬ್ಯಾಸ್ರ ಎನ್ನುತ್ತಾಳೆ. ಅದೇ ಬಾಯಲ್ಲಿ ಬ್ಯಾಜಾರು ಎಂದೂ ಅನ್ನುತ್ತಾಳೆ. ನಮ್ಮದು ಯಾವುದು, ಬಂದದ್ದು ಯಾವುದು ಎಂಬ ಭೇದ ಅವಳಿಗಿಲ್ಲ.

ಆದರೆ ವ್ಯಾಕರಣ ಆ ಭೇದವನ್ನು ಮರೆತಿಲ್ಲ. ಬೇಸರದಿಂದ ಬೇಸರಿಸು, ಬೇಸರಿಕೆ, ಬೇಸತ್ತು ಎಂದು ರೂಪಗಳು ತಾವಾಗಿ ಕವಲೊಡೆಯುತ್ತವೆ. ‘ಬೇಸರಿಸದೆ ಆಲಿಸಿದ ಸಭಿಕರಿಗೆ’ ಎಂದು ನಮ್ಮ ವಾರ್ಷಿಕೋತ್ಸವಗಳ ವಂದನಾರ್ಪಣೆಯಲ್ಲಿ ತಪ್ಪದೆ ಹೇಳುತ್ತೇವೆ. (ಸಭಿಕರು ನಿಜವಾಗಿ ಬೇಸರಿಸಲಿಲ್ಲವೇ ಎಂಬುದು ಬೇರೆ ಪ್ರಶ್ನೆ.) ಬೇಜಾರಿನಿಂದ ‘ಬೇಜಾರಿಸು’ ಎಂಬ ಕ್ರಿಯಾಪದ ಹುಟ್ಟಲಿಲ್ಲ. ಅದು ನಡೆಯಬೇಕಾದರೆ ಆಗು, ಮಾಡು, ಪಡು ಎಂಬ ಕನ್ನಡದ ಊರುಗೋಲು ಬೇಕು.

ಈ ಊರುಗೋಲುಗಳಲ್ಲಿಯೇ ನಮ್ಮ ವಿಷಯದ ತಿರುಳಿದೆ. ಬೇಜಾರು ಎಂಬ ಒಂದು ಶಬ್ದ ನಮ್ಮ ಜನರ ಬಾಯಲ್ಲಿ ಕಡೆಯಪಕ್ಷ ನಾಲ್ಕು ಕೆಲಸಗಳನ್ನು ಮಾಡುತ್ತದೆ. ಯಾವ ಕೆಲಸ ಮಾಡುತ್ತಿದೆ ಎಂಬುದು ಅದರ ಅಕ್ಕಪಕ್ಕದ ಮಾತುಗಳಿಂದ ತಿಳಿಯಬೇಕೇ ವಿನಾ ಶಬ್ದದಿಂದಲ್ಲ. ‘ಅವನ ಮೇಲೆ ನನಗೆ ಬೇಜಾರು’ ಎಂದರೆ ಮುನಿಸು. ಹತ್ತಿರದವರ ಮೇಲೆ ಮಾತ್ರ ಬರುವ, ಸಿಟ್ಟಿಗಿಂತ ಮೆತ್ತನೆಯ ಮುನಿಸು. ಪರಕೀಯರ ಮೇಲೆ ಯಾರೂ ಬೇಜಾರಾಗುವುದಿಲ್ಲ. ‘ಅವರ ವಿಷಯ ಕೇಳಿ ಬೇಜಾರಾಯಿತು’ ಎಂದರೆ ಮರುಕ, ದುಃಖ. ಸಾವಿನ ಮನೆಗೆ ಹೋಗಿ ಬಂದವರು ಆಡುವ ಮಾತು ಇದೇ. ‘ಈ ಕೆಲಸ ಮಾಡಿ ಮಾಡಿ ಬೇಜಾರು’ ಎಂದರೆ ದಣಿವು. ‘ಕೂತು ಕೂತು ಬೇಜಾರು’ ಎಂದರೆ ಮಾತ್ರ ಇಂದು ನಾವು ಸಾಮಾನ್ಯವಾಗಿ ಬೇಸರವೆಂದು ತಿಳಿಯುವ ಆ ಬರಿದು ಹೊತ್ತಿನ ಸಂಕಟ.

ಇಲ್ಲಿ ಚತುರ್ಥೀ ವಿಭಕ್ತಿಯ ಚಮತ್ಕಾರವನ್ನೂ ಗಮನಿಸಬೇಕು. ನನಗೆ ಹಸಿವು, ನನಗೆ ಚಳಿ, ನನಗೆ ಜ್ವರ ಎಂಬಂತೆ ನನಗೆ ಬೇಜಾರು. ಬಂದು ತಾಗುವ ವಸ್ತು ಅದು, ತಾಗಿಸಿಕೊಂಡವನ ಅಪರಾಧವಲ್ಲ. ಅದೇ ಮಾತಿಗೆ ‘ಮಾಡಿಕೊ’ ಸೇರಿದ ಕೂಡಲೇ ಚಿತ್ರ ಬದಲಾಗುತ್ತದೆ. ಕೊರಟಗೆರೆಯ ಕಡೆಯ ಮದುವೆಮನೆಯಲ್ಲಿ ಹೆಣ್ಣಿನ ತಂದೆ ಬೀಗರನ್ನು ಬೀಳ್ಕೊಡುವಾಗ ಕೈಜೋಡಿಸಿ, “ಏನಾರ ಹೆಚ್ಚುಕಮ್ಮಿ ಆಗಿದ್ರೆ ಬೇಜಾರ್ ಮಾಡ್ಕಬ್ಯಾಡಿ” ಎನ್ನುತ್ತಾನೆ. ನೋವು ಕೊಟ್ಟವನು ತಾನಾಗಿರಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ಬಿಡುವುದು ನಿಮ್ಮ ಕೈಯಲ್ಲಿದೆ, ದಯಮಾಡಿ ಬಿಡಿ ಎಂಬ ಬೇಡಿಕೆ ಆ ‘ಮಾಡಿಕೊ’ ಎಂಬುದರಲ್ಲಿದೆ. ಬೇಸರದ ಅರ್ಥದ ಶಬ್ದವೊಂದು ಕ್ಷಮಾಯಾಚನೆಯ ಶಬ್ದವಾದುದು ಹೀಗೆ. ‘ಕ್ಷಮಿಸಿ’ ಎಂಬುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಭಾಷಣದ ಮಾತು. ಕ್ಷಮೆ ಕೇಳಬೇಕಾದವರು ಕೇಳುವುದು ಬೇಜಾರಿನ ಮೂಲಕವೇ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಮನಾದುದನ್ನು ಹುಡುಕಿದರೆ, ಭರತನು ಹೇಳುವ 33 ವ್ಯಭಿಚಾರಿ ಭಾವಗಳಲ್ಲಿ ಮೊದಲನೆಯದಾದ ನಿರ್ವೇದ ಸ್ವಲ್ಪ ಹತ್ತಿರ ಬರುತ್ತದೆ. ಆಲಸ್ಯವೂ ಅದೇ ಪಟ್ಟಿಯಲ್ಲಿದೆ. ಆದರೆ ಎರಡನ್ನು ಕೂಡಿಸಿದರೂ ಬೇಜಾರಾಗುವುದಿಲ್ಲ. ಜುಗುಪ್ಸೆಯಿಂದ ಬಂದ ಜಿಗುಪ್ಸೆ ಪತ್ರಿಕೆಗಳ ಕೈಗೆ ಸಿಕ್ಕಿ, ಆತ್ಮಹತ್ಯೆಯ ವರದಿಗಳಿಗೆ ಮೀಸಲಾದ ಮಾತಿನಂತಾಗಿದೆ. ‘ಸಾಲಬಾಧೆಯಿಂದ ಬೇಸತ್ತು’ ಎಂಬುದೂ ಅದೇ ವರದಿಗಳ ಸಿದ್ಧವಾಕ್ಯ. ಮಧ್ಯಾಹ್ನದ ಆಕಳಿಕೆಗೂ ಪ್ರಾಣ ಕಳೆದುಕೊಳ್ಳುವ ನಿರಾಶೆಗೂ ಒಂದೇ ಧಾತು ಸಾಕಾಗುತ್ತಿದೆ ಎಂಬುದನ್ನು ಅಧ್ಯಾಪಕರಾದವರು ನೆನಪಿನಲ್ಲಿಡಬೇಕೆಂದು ನನ್ನ ಅಭಿಪ್ರಾಯ.

ಬೇಸರದ ಹಳೆಯ ಅರ್ಥ ಬರಿದು ಹೊತ್ತಲ್ಲ. ಅತಿಯಾದುದರಿಂದ ಬರುವ ಆಯಾಸ. ನಡೆದು ಬೇಸತ್ತರು, ಕಾದು ಬೇಸತ್ತರು, ಬೇಡಿ ಬೇಸತ್ತರು ಎನ್ನುತ್ತೇವೆ. ತೆಲುಗಿನ ವೇಸಾರು ಇಂದಿಗೂ ಆ ಅರ್ಥವನ್ನೇ ಉಳಿಸಿಕೊಂಡಿದೆ. ಬೇಸಗೆಯಲ್ಲಿ ನಮ್ಮ ಕಡೆಯ ಹೆಂಗಸರು ಹುಣಸೆಹಣ್ಣಿನ ರಾಶಿಯ ಮುಂದೆ ಕುಳಿತು ದಿನವಿಡೀ ಬಡಿದು ಬೀಜ ಬಿಡಿಸುತ್ತಾರೆ. ಅವರನ್ನು ಮಾತಾಡಿಸಿದರೆ ಕೈಸೋತಿತೆಂದಾರು, ಬ್ಯಾಸ್ರ ಆಯಿತೆಂದೂ ಅಂದಾರು. ಹೊತ್ತು ಹೋಗುವುದಿಲ್ಲವೆಂದು ಮಾತ್ರ ಅನ್ನುವುದಿಲ್ಲ. ಹೊತ್ತು ಸಾಲದೆಂಬುದೇ ಅವರ ದೂರು. ಕೆಲಸ ಹೆಚ್ಚಾಗಿ ಬರುವ ಬೇಸರ, ಕೆಲಸವಿಲ್ಲದೆ ಬರುವ ಬೇಜಾರು ಎಂದು ಎರಡನ್ನೂ ಹೀಗೆ ಹಂಚಿಬಿಡಲು ಒಮ್ಮೆ ಯತ್ನಿಸಿದೆ. ಜನ ಅದಕ್ಕೆ ಒಪ್ಪುವಂತೆ ಮಾತನಾಡುವುದಿಲ್ಲವಾದುದರಿಂದ ಆ ಯತ್ನವನ್ನು ಬಿಟ್ಟೆ.

ಬರಿದು ಹೊತ್ತಿಗೆ ನಮ್ಮವರಲ್ಲಿ ಬೇರೆ ಮಾತೇ ಇದೆ: ‘ಹೊತ್ತು ಹೋಗುವುದಿಲ್ಲ.’ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿ ನಡುವೆ ಆಂಧ್ರದ ನೆಲವನ್ನು ಹಾಯ್ದು ಹೋಗುತ್ತದೆ. ಆದರೆ ಈ ಮಾತಿಗೆ ಗಡಿಯಿಲ್ಲ. ತೆಲುಗಿನವರು ‘ಪೊದ್ದು ಪೋದು’ ಎನ್ನುತ್ತಾರೆ. ನಮ್ಮ ಹೊತ್ತು ಹಳಗನ್ನಡದ ಪೊೞ್ತು; ತೆಲುಗಿನ ಪೊದ್ದು, ತಮಿಳಿನ ಪೊೞುದು ಅದರ ಒಡಹುಟ್ಟಿದವು. ಹೊತ್ತೆಂದರೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ. ಆದುದರಿಂದ ಹೊತ್ತು ಹೋಗದವನಿಗೆ ಆಕಾಶದಲ್ಲಿ ಸೂರ್ಯನೇ ಕದಲದೆ ನಿಂತಿದ್ದಾನೆ. ಜರ್ಮನರು ಬೇಸರಕ್ಕೆ ‘ಲಾಂಗೆವೈಲೆ’, ಅಂದರೆ ನೀಳವಾದ ಹೊತ್ತು, ಎನ್ನುತ್ತಾರಂತೆ. ಪಾವಗಡದ ಬಿಸಿಲಿನಲ್ಲಿ ನಿಂತವನಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ ಸೌರವಿದ್ಯುತ್ ಸ್ಥಾವರ 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. ಮಳೆಯನ್ನು ನಂಬಿ ಕೆಟ್ಟ ಮನೆಗಳಿಗೆ ವರ್ಷ ವರ್ಷವೂ ಗುತ್ತಿಗೆಯ ಹಣ ಬರುವಂತಾದುದು ಸಣ್ಣ ಮಾತಲ್ಲ. ಆ ಕಡೆ ಹೋಗಿದ್ದಾಗ ಚಹಾ ಅಂಗಡಿಯ ಮುಂದೆ ಕುಳಿತಿದ್ದ ವೃದ್ಧರೊಬ್ಬರನ್ನು, “ಹೇಗಿದ್ದೀರಿ, ಯಜಮಾನರೇ?” ಎಂದು ವಿಚಾರಿಸಿದೆ. “ದುಡ್ಡು ಬರ್ತದೆ ಸಾಮಿ, ಪೊದ್ದು ಪೋದು” ಎಂದರು. ಮೊದಲರ್ಧ ಕನ್ನಡ, ಉಳಿದರ್ಧ ತೆಲುಗು. ಬೇಜಾರು ಎಂಬ ಶಬ್ದವನ್ನು ಅವರು ಬಳಸಲಿಲ್ಲ. ಅದನ್ನು ಬಳಸಿದ್ದರೆ ಯಾರ ಮೇಲೋ ದೂರು ಹೇಳಿದಂತಾಗುತ್ತಿತ್ತು. ಅವರಿಗೆ ಯಾರ ಮೇಲೂ ದೂರಿರಲಿಲ್ಲ.

ಇನ್ನು ಮೂರನೆಯದಾದ ‘ಬೋರು’. ಈ ಅರ್ಥದ ಶಬ್ದ ಇಂಗ್ಲಿಷಿನಲ್ಲಿಯೇ ಕಾಣಿಸಿಕೊಂಡದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ. ಅದರ ಭಾವನಾಮ ಬಳಕೆಗೆ ಬಂದುದು 19ನೆಯ ಶತಮಾನದಲ್ಲಿ. ನಮ್ಮ ಬೇಸತ್ತು ಎಂಬುದರ ಮುಂದೆ ಅದು ನಿನ್ನೆಯ ಕೂಸು. ಕನ್ನಡ ಅದಕ್ಕೂ ಒಂದು ಊರುಗೋಲು ಕೊಟ್ಟಿತು. ವಿಚಿತ್ರವೆಂದರೆ ಈ ಸಲ ಕೊಟ್ಟದ್ದು ‘ಹೊಡೆ’ ಎಂಬುದನ್ನು. ಬೋರು ಹೊಡೆಯುತ್ತದೆ. ಮಕ್ಕಳು ಇದನ್ನು ಆಡಿದರೆ ನಾನೀಗ ಸಿಟ್ಟಾಗುವುದಿಲ್ಲ, ಏಕೆಂದರೆ ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಬೋರು ಎಂದ ಹುಡುಗನಿಗೆ ಪಾಠವೋ ಪಂಡಿತನೋ ನಿಜವಾಗಿಯೂ ರುಚಿಸುತ್ತಿಲ್ಲ. ಮನೆಯ ಬಾಗಿಲಿಗೆ ಬೀಗ ಕಂಡು ಬಂದವನು ಬೋರು ಎನ್ನುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಶಬ್ದಕ್ಕೆ ಇನ್ನೊಂದು ತೊಡಕೂ ಇದೆ. ಇಲ್ಲಿ ಬೋರು ಎಂದರೆ ಮೊದಲು ನೆನಪಾಗುವುದು ಕೊಳವೆಬಾವಿ. ಬೋರು ಕೊರೆಸುವುದು, ಬೋರು ಬತ್ತುವುದು, ಬೋರಿಗೆ ಸಾಲ ತರುವುದು ದಿನನಿತ್ಯದ ಮಾತು. ಪಟ್ಟಣದಿಂದ ಹೊಸದಾಗಿ ಬಂದ ಅಧ್ಯಾಪಿಕೆಯೊಬ್ಬರು “ನಿಮಗೆ ಬೋರಾ?” ಎಂದು ತರಗತಿಯಲ್ಲಿ ಕೇಳಿದಾಗ, “ಎರಡೈತೆ ಮಿಸ್, ಒಂದ್ರಲ್ಲಿ ನೀರಿಲ್ಲ” ಎಂದು ಹಿಂದಿನ ಸಾಲಿನಿಂದ ಉತ್ತರ ಬಂದದ್ದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಬಹುಕಾಲ ನಗೆಯ ವಸ್ತುವಾಗಿತ್ತು.

ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನು ಪದಪ್ರಯೋಗದ ಪಾಠದಲ್ಲಿ ಒಂದು ಅಭ್ಯಾಸ ಕೊಡುತ್ತಿದ್ದೆ. ಮನೆಯಲ್ಲಿ ಕೇಳಿದ, ಬೇಜಾರು ಎಂಬ ಮಾತಿರುವ ಐದು ವಾಕ್ಯಗಳನ್ನು ಮಕ್ಕಳು ಕೇಳಿದಂತೆಯೇ ಬರೆದು ತರಬೇಕು. ತಂದುದನ್ನು ಕರಿಹಲಗೆಯ ಮೇಲೆ ಮುನಿಸು, ದುಃಖ, ದಣಿವು, ಬರಿದು ಹೊತ್ತು ಎಂಬ ನಾಲ್ಕು ಸಾಲುಗಳಲ್ಲಿ ತರಗತಿಯೇ ಹಂಚಬೇಕು. ಆಸಕ್ತ ಅಧ್ಯಾಪಕರು ಇದನ್ನು ಮಾಡಿ ನೋಡಬಹುದು. ಒಂದು ಅವಧಿ ಸಾಕು, ಖರ್ಚೇನೂ ಇಲ್ಲ. ಕೆಂಪು ಶಾಯಿಯನ್ನು ಮಾತ್ರ ಅಂದು ಮನೆಯಲ್ಲೇ ಬಿಟ್ಟು ಬರಬೇಕು. ಪ್ರತಿ ವರ್ಷವೂ ನಾಲ್ಕನೆಯ ಸಾಲೇ ಎಲ್ಲಕ್ಕಿಂತ ಗಿಡ್ಡವಾಗಿರುತ್ತಿತ್ತು. ಒಂದು ವರ್ಷ ಶಿರಾ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ ತಂದ ವಾಕ್ಯ ಹೀಗಿತ್ತು: “ಬೋರು ನಿಂತಾಗಿಂದ ಅಪ್ಪಂಗೆ ಬೇಜಾರು.” ಇದು ಯಾವ ಸಾಲಿಗೆ ಸೇರಬೇಕೆಂದು ತರಗತಿಯನ್ನೇ ಕೇಳಿದೆ. ದುಃಖವೆಂದರು ಕೆಲವರು. ತೋಟದ ಕೆಲಸವೆಲ್ಲ ನಿಂತಿದೆ, ಆದುದರಿಂದ ಬರಿದು ಹೊತ್ತು ಎಂದರು ಇನ್ನು ಕೆಲವರು. ಹುಡುಗಿಯ ಪಕ್ಕದಲ್ಲಿ ಕುಳಿತಿದ್ದ, ಅವಳ ಊರಿನವಳೇ ಆದ ಗೆಳತಿ ಮಾತ್ರ ಎದ್ದು ನಿಂತು, “ಮುನಿಸೂ ಐತೆ ಸಾರ್, ಅವರಪ್ಪ ಮನೇಲಿ ಯಾರತ್ರಾನೂ ಮಾತಾಡಲ್ಲ” ಎಂದಳು. ಗಂಟೆ ಬಾರಿಸಿತು. ವಾಕ್ಯವನ್ನು ಯಾವ ಸಾಲಿಗೂ ಸೇರಿಸದೆ ಹಲಗೆಯ ಅಂಚಿನಲ್ಲಿಯೇ ಬಿಟ್ಟು ಆ ಇಬ್ಬರನ್ನೂ ಅಧ್ಯಾಪಕರ ಕೊಠಡಿಗೆ ಕರೆದುಕೊಂಡು ಹೋದೆ.